ಎತ್ತಿ ಹೊಯ್ದ ನೀರು

ಏಪ್ರಿಲ್ ಎರಡನೇ ವಾರ ಶಾಲೆಯ ಕೊನೇ ಗಂಟೆ ಬಾರಿಸಿತೆಂದರೆ ಪಟ್ಟಣದ ಗೋಡೆಗಳ ಮೇಲೆ ಬೇಸಿಗೆ ಶಿಬಿರದ ಚೀಟಿಗಳು ಕಾಣಿಸಿಕೊಳ್ಳುತ್ತವೆ. ಈ ಸಲ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡ ಪೊಟ್ಟಣದ ಹಾಳೆಯಲ್ಲೇ ಒಂದು ಲೇಖನ ಸಿಕ್ಕಿತು. ರಜೆಯಲ್ಲಿ ಮನೆಯಲ್ಲೇ ಮಕ್ಕಳಿಗೆ ದಯೆ ಕಲಿಸುವುದು ಹೇಗೆ ಅಂತ. ಹಕ್ಕಿಗಳಿಗೆ ಬಟ್ಟಲಲ್ಲಿ ನೀರಿಡಿ. ಹಳೇ ಬಟ್ಟೆಗಳನ್ನು ಬಡಮಕ್ಕಳಿಗೆ ನಿಮ್ಮ ಮಕ್ಕಳ ಕೈಯಿಂದಲೇ ಕೊಡಿಸಿ. ಮನೆಗೆಲಸದವಳಿಗೆ ಥ್ಯಾಂಕ್ಸ್ ಹೇಳುವುದನ್ನು ರೂಢಿ ಮಾಡಿಸಿ.

ಬಸ್ಸು ಬರುವವರೆಗೂ ಆ ಹಾಳೆಯಲ್ಲಿ ನಾವು ನಮ್ಮನ್ನು ಹುಡುಕಿದೆವು. ಸಿಕ್ಕಿದೆವು. ಹಳೇ ಬಟ್ಟೆ ಹಾಕಿಕೊಳ್ಳುವ ಬಡಮಕ್ಕಳು ನಾವು. ಥ್ಯಾಂಕ್ಸ್ ಹೇಳಿಸಿಕೊಳ್ಳಬೇಕಾದವಳು ನಮ್ಮವ್ವ. ಬರೆದವರ ಮನಸ್ಸು ಕೆಟ್ಟದ್ದಲ್ಲ, ಒಪ್ಪೋಣ. ಆದರೆ ಗೆಳೆಯರೇ, ದಯೆಯ ಪಾಠದಲ್ಲಿ ಯಾವಾಗಲೂ ಕೈ ಒಡ್ಡಿ ನಿಂತವರಿಗೂ ಆ ಪಾಠದ ಬಗ್ಗೆ ಒಂದು ಮಾತು ಇರುತ್ತದಲ್ಲ, ಅದನ್ನು ಯಾರೂ ಕೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಮ್ಮದು ಅಜ್ಜಂಪುರದ ಕಡೆಯ ಒಂದು ಕೇರಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಾವು. ಅಜ್ಜಿಯ ಊರು ಕಡೂರು ಸೀಮೆಯ ಬಯಲು. ಅವ್ವ ಕೂಲಿಗೆ ಹೋಗುತ್ತಿದ್ದದ್ದು ತರೀಕೆರೆ ಕಡೆಯ ಅಡಿಕೆ ತೋಟಗಳಿಗೆ. ಬಾಬಾಬುಡನ್ ಬೆಟ್ಟದ ಸಾಲು ಮುಂಗಾರಿನ ಮೋಡವನ್ನು ಆಚೆಗೇ ತಡೆದು ಈಚೆ ಕಡೂರಿಗೆ ಬರೀ ಗಾಳಿ ಕಳಿಸುತ್ತದೆ. ತರೀಕೆರೆಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ತೋಟದ ತಂಪು. ಈ ಮೂರು ಊರುಗಳ ನಡುವೆ ನಮ್ಮ ಬಾಲ್ಯದ ಬೇಸಿಗೆಗಳು ಕೂಲಿಯನ್ನೂ ನೀರನ್ನೂ ಹುಡುಕಿಕೊಂಡು ಅಲೆದವು.

ಶಾಲೆ ಇದ್ದಾಗ ಬಿಸಿಯೂಟಕ್ಕೆ ಎಲ್ಲರೂ ಒಂದೇ ಸಾಲು. ಊರ ಹುಡುಗನ ತಟ್ಟೆಯ ಮಗ್ಗುಲಲ್ಲೇ ಕೇರಿ ಹುಡುಗನ ತಟ್ಟೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಹೊಟ್ಟೆ ತುಂಬಿಸಿದ್ದಷ್ಟೇ ಅಲ್ಲ, ನಮ್ಮನ್ನ ಒಟ್ಟಿಗೆ ಕೂರಿಸಿತ್ತು. ರಜೆ ಬಂತೋ, ಸಾಲು ಕಳಚಿತು. ಅದೇ ಗೆಣೆಕಾರ ಬೀದಿಯಲ್ಲಿ ಎದುರಾದರೆ ಅವನ ಅಜ್ಜಿಯ ಕಣ್ಣು ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದ. ಎರಡು ತಿಂಗಳಿಗೆ ಊರು ಊರಾಗುತ್ತಿತ್ತು, ಕೇರಿ ಕೇರಿಯಾಗುತ್ತಿತ್ತು. ಊಟವೂ ನಿಲ್ಲುತ್ತಿತ್ತು. 2024ರ ಬರದಲ್ಲಿ ಸರ್ಕಾರ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಿಸಿತು. ನಮ್ಮ ಕಾಲಕ್ಕೆ ನಮ್ಮೂರಲ್ಲಿ ಅದು ಇರಲಿಲ್ಲ.

ರಜೆಯ ಮೊದಲ ದಿನವೇ ಅವ್ವನ ಶಾಲೆ ಬಾಗಿಲು ತೆಗೆಯುತ್ತಿತ್ತು. ಬೆಳಿಗ್ಗೆ ಹೊಂಗೆಕಾಯಿ ಆರಿಸೋದು. ಮರದಡಿಗೆ ಮೊದಲು ಹೋದವರು ಪೂರಾ ಬಾಚಿಕೊಳ್ಳುವಂತಿಲ್ಲ, ಹಿಂದೆ ಕೋಲೂರಿಕೊಂಡು ಬರೋ ಮುದುಕಿಗೆ ಒಂದು ಮಗ್ಗುಲು ಬಿಡಬೇಕು. ನಲ್ಲಿ ನೀರು ಬಂದ ದಿನ ಬಾಣಂತಿ ಮನೆಯ ಕೊಡ ಸಾಲಿನಲ್ಲಿ ಮುಂದಕ್ಕೆ ಹೋಗಬೇಕು. ಮಧ್ಯಾಹ್ನ ಅಂಬಲಿ ಕುಡಿಯೋ ಹೊತ್ತಿಗೆ ಯಾರಾದರೂ ಬಂದರೆ, ಮಡಕೆಗೆ ಇನ್ನೊಂದು ಚೊಂಬು ನೀರು ಬೆರೆಸಿ ಪಾಲು ಹೆಚ್ಚಿಸಬೇಕು. ತಾಯಿ ಸತ್ತ ಮೇಕೆಮರಿಗೆ ಬಟ್ಟೆಬತ್ತಿಯಲ್ಲಿ ಹಾಲು ಚೀಪಿಸೋದು ನಮ್ಮ ತಂಗಿಯ ಪಾಲಿನ ಕೆಲಸ. ಇದಕ್ಕೆ ಯಾರೂ ದಯೆ ಅನ್ನುತ್ತಿರಲಿಲ್ಲ. ದಯೆ ಅನ್ನೋದು ಶಾಲೆಯ ಗೋಡೆಯ ಮೇಲೆ ಬರೆದ ಮಾತು. ಕೇರಿಯಲ್ಲಿ ಇದಕ್ಕಿದ್ದ ಮಾತು ಕರುಳು. 'ಅವ್ನಿಗೆ ಕರುಳೈತೆ', ಅಷ್ಟೆ.

ನಮಗೆ ಒಂಬತ್ತೋ ಹತ್ತೋ ವರ್ಷ. ಒಂದು ಮೇ ತಿಂಗಳು ಅವ್ವ ನಮ್ಮನ್ನೂ ತೋಟಕ್ಕೆ ಕರೆದುಕೊಂಡು ಹೋಗಿದ್ದಳು. ಅವಳು ಅಡಿಕೆ ಬುಡಕ್ಕೆ ಗೊಬ್ಬರ ಹೊರುತ್ತಿದ್ದಳು, ನಾವು ಒಣಸೋಗೆ ಎಳೆದು ರಾಶಿ ಹಾಕುತ್ತಿದ್ದೆವು. ಬಾಯಾರಿ ತೋಟದ ಮನೆಯ ಹಿತ್ತಲಿಗೆ ಹೋದೆವು. ಆ ಮನೆಯ ಅಮ್ಮ ನಮ್ಮನ್ನು ನೋಡಿದ್ದೇ 'ಅಯ್ಯೋ, ಮಕ್ಕಳು ಬಾಡಿ ಹೋಗಿದಾವೆ' ಅಂದರು. ಒಬ್ಬೊಬ್ಬರಿಗೂ ಒಂದೊಂದು ಅಚ್ಚು ಬೆಲ್ಲ ಮೇಲಿನಿಂದ ಅಂಗೈಗೆ ಹಾಕಿದರು. ಜಗಲಿಯ ಮೇಲೆ ನಾಲ್ಕೈದು ಚೊಂಬು ಬೋರಲು ಹಾಕಿದ್ದವು. ಅದರಲ್ಲಿ ಒಂದನ್ನು ತಾವೇ ತುಂಬಿಕೊಂಡು, ಜಗಲಿಯ ಮೇಲೆ ನಿಂತು, ಕೆಳಗೆ ಬೊಗಸೆಯೊಡ್ಡಿದ ನಮಗೆ ಎತ್ತರದಿಂದ ನೀರು ಹೊಯ್ದರು. ಸಾಕು ಅನ್ನುವವರೆಗೂ ಹೊಯ್ದರು. ನೀರು ತಣ್ಣಗಿತ್ತು. ಮೊಣಕೈಯಿಂದ ಇಳಿದು ಅಂಗಿ ಎಲ್ಲಾ ಒದ್ದೆಯಾಗಿ, ನಮಗೆ ನಗು.

ಸಂಜೆ ಬಸ್ಸಿನಲ್ಲಿ ಅವ್ವನಿಗೆ ಹೇಳಿದೆವು: 'ಆ ಅಮ್ಮ ಭಾಳ ಒಳ್ಳೇರು ಕಣವ್ವಾ.' ಅವ್ವ ಕಿಟಕಿಯ ಆಚೆ ನೋಡುತ್ತಾ 'ಹೂಂ' ಅಂದಳು.

ಒಂದು ವಾರ ಕಳೆದಿರಬಹುದು. ಊರೂರು ತಿರುಗಿ ಸೂಜಿ, ಪಿನ್ನು, ಬಾಚಣಿಗೆ ಮಾರುವ ಒಬ್ಬ ಹೆಂಗಸು ಕೇರಿಗೆ ಬಂದಳು. ಕಂಕುಳಲ್ಲಿ ಕೂಸು. ನಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದಳು. ನಮ್ಮ ತಮ್ಮ, ಏಳು ವರ್ಷದವನು, ಓಡಿ ಹೋಗಿ ಚೊಂಬು ತುಂಬಿ ತಂದ. ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ಚೊಂಬು ಎತ್ತಿ ಹಿಡಿದು, 'ಬೊಗಸೆ ಹಿಡಿ' ಅಂದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ನಗುತ್ತಿದ್ದ. ಒಳ್ಳೇದು ಮಾಡುವವರು ಹೀಗೇ ಮಾಡುತ್ತಾರೆ ಅಂತ ಕಲಿತು ಬಂದಿದ್ದ. ಆ ಹೆಂಗಸೂ ಏನೂ ಅನ್ನದೆ ಕೂಸನ್ನು ಕೆಳಗಿಳಿಸಿ ಬೊಗಸೆ ಒಡ್ಡಿದಳು.

ಅವ್ವ ಒಳಗಿಂದ ಬಂದವಳೇ ಅವನ ಕೆನ್ನೆಗೆ ಬಾರಿಸಿದಳು. ನಮ್ಮವ್ವ ಮಕ್ಕಳ ಮೇಲೆ ಕೈ ಮಾಡಿದ್ದು ನಮಗೆ ನೆನಪಿರುವಂತೆ ಅದೊಂದೇ ಸಲ. 'ಚೊಂಬು ಕೈಗೆ ಕೊಡಲೇ. ಕಚ್ಚಿ ಕುಡೀಲಿ.' ಆ ಹೆಂಗಸನ್ನು ಒಳಕ್ಕೆ ಕರೆದು ಚಾಪೆ ಹಾಸಿದಳು. ಅವಳು ಕುಡಿದಿಟ್ಟ ಚೊಂಬಿನಲ್ಲೇ ತಾನೂ ಬಗ್ಗಿಸಿಕೊಂಡು ಕುಡಿದಳು.

ರಾತ್ರಿ ತಮ್ಮ ಬಿಕ್ಕುತ್ತಲೇ ಇದ್ದ. ಅವ್ವ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: 'ತೋಟದ ಅಮ್ಮ ಕೆಟ್ಟೋರಲ್ಲ ಮಗಾ. ಅವ್ರಿಗೆ ಅವ್ರವ್ವ ಹಂಗೇ ಹೊಯ್ಯೋದು ಕಲಿಸಿದ್ಲು. ಅವ್ರವ್ವನಿಗೆ ಅವ್ರವ್ವ. ನೀನು ಕಲೀಬ್ಯಾಡ.'

ಮುಂದೆ ನಾವು ಬಿ.ಎ. ಓದಿದೆವು, ಸಮಾಜಶಾಸ್ತ್ರದ ದಪ್ಪ ಪುಸ್ತಕಗಳನ್ನ ತಿರುವಿ ಹಾಕಿದೆವು. ಜಾತಿ ಒಂದು ತಲೆಯಿಂದ ಇನ್ನೊಂದು ತಲೆಗೆ ಹೇಗೆ ದಾಟುತ್ತದೆ ಅನ್ನೋದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನಮಗೆ ಸಿಗಲಿಲ್ಲ. ಅದು ಬೈಗುಳದಲ್ಲಿ ದಾಟುವುದು ಎಲ್ಲರಿಗೂ ಗೊತ್ತು. ಬೆಲ್ಲದ ಜೊತೆಗೂ ದಾಟುತ್ತದೆ. ಬೈದವರಿಂದ ಮಕ್ಕಳು ದೂರ ಓಡುತ್ತವೆ. ಬೆಲ್ಲ ಕೊಟ್ಟವರನ್ನು ಅನುಕರಿಸುತ್ತವೆ. ಆದ್ದರಿಂದ ಎತ್ತರದಿಂದ ಹೊಯ್ಯುವ ದಯೆಗೆ ನಾವು ಹೆಚ್ಚು ಹೆದರುತ್ತೇವೆ.

ಈ ಬೇಸಿಗೆ ನಾವು ಕೆಲವು ಗೆಳೆಯರು ಸೇರಿ ಕೇರಿಯ ಹೊಂಗೆಮರದ ಕೆಳಗೆ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡೆವು. ಒಂದು ದಿನ ಅವರಿಗೆ ಇನ್ನೊಂದು ಬೇಸಿಗೆ ರಜೆಯ ಕತೆ ಹೇಳಿದೆವು. 1901ನೇ ಇಸವಿ. ಒಂಬತ್ತು ವರ್ಷದ ಭೀಮರಾವ್, ಅವನ ಅಣ್ಣ, ಅಕ್ಕನ ಮಕ್ಕಳು, ರಜೆ ಕಳೆಯಲು ಸಾತಾರಾದಿಂದ ಅಪ್ಪನಿದ್ದ ಗೋರೆಗಾಂವಿಗೆ ಹೊರಟರು. ಹೊಸ ಬಟ್ಟೆ, ಹೊಸ ಟೊಪ್ಪಿಗೆ. ರೈಲಿಳಿದದ್ದು ಮಸೂರು ಸ್ಟೇಷನ್ನಿನಲ್ಲಿ. ಕಾಗದ ಕೈಗೆ ಸೇರದೆ ಅಪ್ಪ ಯಾರನ್ನೂ ಕಳಿಸಿರಲಿಲ್ಲ. ಸ್ಟೇಷನ್ ಮಾಸ್ತರರು ಮೊದಲು ಕಾಳಜಿಯಿಂದಲೇ ವಿಚಾರಿಸಿದರು. ಮಹಾರರ ಮಕ್ಕಳು ಅಂತ ಗೊತ್ತಾದದ್ದೇ ಮುಖ ಬದಲಾಯಿತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲೊಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿ ಸುಂಕದ ಕಟ್ಟೆಯಲ್ಲೂ ನೀರು ಸಿಗಲಿಲ್ಲ. ಬುತ್ತಿ ತುಂಬಾ ಇತ್ತು, ಹಸಿವೂ ಇತ್ತು. ಕುಡಿಯಲು ನೀರಿಲ್ಲದೆ ಮಕ್ಕಳು ಉಣ್ಣದೇ ಮಲಗಿದರು. ಅಂಬೇಡ್ಕರರು ಇದನ್ನು ತಾವೇ ಬರೆದಿಟ್ಟಿದ್ದಾರೆ. ಅವರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಆ ರಾತ್ರಿಯ ಬಾಯಾರಿಕೆಗೂ ಈ ಕೆರೆಗೂ ನಡುವೆ ಇಪ್ಪತ್ತಾರು ವರ್ಷ.

ಮಸೂರು ಎಲ್ಲೈತೆ ಅಂತ ಮಕ್ಕಳು ಕೇಳಿದವು. ದೂರ ಏನಿಲ್ಲ. ಅಜ್ಜಂಪುರ ಸ್ಟೇಷನ್ನಿನಲ್ಲಿ ನಿಂತು ಹಳಿಯ ಗುಂಟ ನೋಡಿದರೆ ಈ ಕಡೆ ಬೀರೂರು, ಕಡೂರು. ಆ ಕಡೆ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಮೀರಜ್. ಅದೇ ದಾರಿ ಹಿಡಿದು ಇನ್ನೂ ಮುಂದೆ ಹೋದರೆ ಕರಾಡ್ ದಾಟಿ ಮಸೂರು. ಇದನ್ನು ಕೇಳಿ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಳು: 'ಹಂಗಾದ್ರೆ ಭೀಮರಾವ್ ನಮ್ಮೂರ ಸ್ಟೇಷನ್‌ಗೆ ಇಳಿದಿದ್ರೆ ನೀರು ಕೊಡ್ತಿದ್ರಾ?'

ನಮ್ಮ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಿಮಗೂ ದಾಟಿಸುತ್ತಿದ್ದೇವೆ.

ಅಜ್ಜಂಪುರ ಅಂದರೆ ದೊಡ್ಡವರು ಹೆಮ್ಮೆಯಿಂದ ಹೇಳುವುದು ಅಮೃತಮಹಲ್ ದನಗಳನ್ನ. ಮೈಸೂರಿನ ಅರಸರು, ಹೈದರ್, ಟಿಪ್ಪು, ತಮ್ಮ ದಂಡಿನ ಬಂಡಿ ಎಳೆಯುವ ಈ ತಳಿಗೆ ಅಂತಲೇ ಹುಲ್ಲುಗಾವಲುಗಳನ್ನು ಕಾವಲು ಮಾಡಿ ಬಿಟ್ಟರು. ತಳಿ ಉಳಿಸುವ ಕೇಂದ್ರ ಇವತ್ತೂ ಅಜ್ಜಂಪುರದಲ್ಲಿದೆ. ದನದ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮಪ್ಪ ದನ ಕಾದೇ ಬೆಳೆದವನು. ಆದರೆ ದನಕ್ಕೆ ಕಾವಲು ಬಿಟ್ಟ ಈ ಸೀಮೆಯಲ್ಲಿ ನಮ್ಮ ಅಜ್ಜನಿಗೆ ಕಾಲೂರಲು ಒಂದು ಗುಂಟೆಯೂ ಇರಲಿಲ್ಲ. ಹಕ್ಕಿಗೆ ಬಟ್ಟಲಲ್ಲಿ ನೀರು, ನಮಗೆ ಬೊಗಸೆಯಲ್ಲಿ ನೀರು.

ಸಂವಿಧಾನವನ್ನು ತೆಗೆದು ನೋಡಿ. ಪ್ರಾಣಿಪಕ್ಷಿಗಳ ಮೇಲೆ ಅನುಕಂಪ ಇರಬೇಕೆಂಬುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದು, 51ಎ ವಿಧಿ. ಅದನ್ನು ಸೇರಿಸಿದ್ದು 1976ರ ತಿದ್ದುಪಡಿಯಲ್ಲಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂಬ 15ನೇ ವಿಧಿ, ಅಸ್ಪೃಶ್ಯತೆಯನ್ನು ತೊಡೆದ 17ನೇ ವಿಧಿ, 1950ರಿಂದಲೇ ಇವೆ. ಬಾವಿ ಮೊದಲು, ಅನುಕಂಪ ಆಮೇಲೆ. ಮಕ್ಕಳಿಗೆ ಕಲಿಸುವಾಗಲೂ ಈ ಕ್ರಮ ತಪ್ಪಬಾರದು ಅಂತ ನಮ್ಮ ಅನಿಸಿಕೆ.

ಬೇರೆಯವರತ್ತ ಬೆರಳು ಮಾಡಿ ಮುಗಿಸಿದರೆ ಇದು ಸುಳ್ಳು ಬರಹವಾಗುತ್ತದೆ. ನಮ್ಮ ಕೇರಿಯೊಳಗೂ ಎರಡು ಸಾಲಿದೆ. ಈ ಸಾಲಿನವರು ಆ ಸಾಲಿನ ಮನೆಯಲ್ಲಿ ನೀರು ಮುಟ್ಟದ ಅಜ್ಜಿಯರು ಇನ್ನೂ ಇದ್ದಾರೆ. ಊರಿನವರ ಜಗಲಿಯ ಕೆಳಗೆ ಬೊಗಸೆ ಒಡ್ಡಿ ಬಂದ ಕೈಯೇ ಮನೆಗೆ ಬಂದು ಚೊಂಬು ಎತ್ತುತ್ತದೆ. ಭಾಷಣ ಮಾಡಿ ಬಂದ ನಾವೂ ಕೆಲವು ಸಲ ಆ ಅಜ್ಜಿಯರ ಮುಂದೆ ಬಾಯಿ ಬಿಟ್ಟಿಲ್ಲ. ನಮ್ಮ ತಮ್ಮನ ಕೆನ್ನೆಗೆ ಬಿದ್ದ ಏಟು ನಮಗೂ ಬೀಳಬೇಕಾದದ್ದು.

ತರೀಕೆರೆ ದಾಟಿದರೆ ಭದ್ರಾವತಿ. ಅಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಾಗಾಗಿ ಹಳ್ಳಿಯ ಮೇಷ್ಟ್ರುಗಳನ್ನ, ಟೀಚರಮ್ಮಂದಿರನ್ನ ನಾವು ಸಲುಗೆಯಿಂದಲೇ ಕೇಳುತ್ತೇವೆ. ನೀವು ಹತ್ತು ತಿಂಗಳು ಕೂರಿಸಿದ ಸಾಲನ್ನು ಎರಡು ತಿಂಗಳ ರಜೆ ಕಳಚುತ್ತದೆ. ರಜೆಗೆ ಬಿಡುವ ಮುಂಚೆ ಮಕ್ಕಳಿಗೆ ಕಾಪಿ ಬರೆಯುವ ಕೆಲಸದ ಜೊತೆ ಇದನ್ನೂ ಕೊಡಿ: ಬಿಸಿಯೂಟದಲ್ಲಿ ನಿನ್ನ ಮಗ್ಗುಲಿಗೆ ಕೂತವನ ಮನೆಗೆ ಒಂದು ದಿನ ಹೋಗು, ಅವನನ್ನೂ ನಿನ್ನ ಮನೆಗೆ ಕರಿ, ನೀರು ಕುಡಿ, ಕುಡಿಸು. ಮೇ ಕೊನೆಯಲ್ಲಿ ಶಾಲೆ ತೆರೆದಾಗ ಯಾರ ಮನೆಗೆ ಹೋಗಿದ್ದೆ, ಎಲ್ಲಿ ಕೂರಿಸಿದರು, ಯಾವ ಲೋಟದಲ್ಲಿ ಕೊಟ್ಟರು ಅಂತ ಕೇಳಿ. ಎಷ್ಟು ಮನೆಗಳ ಬಾಗಿಲು ಹಾಕಿಕೊಳ್ಳುತ್ತವೆ, ಎಷ್ಟು ಅಪ್ಪಂದಿರು ಜಗಳಕ್ಕೆ ಬರುತ್ತಾರೆ, ನಮಗೂ ಗೊತ್ತು. ಬರಲಿ.

ಹೊಂಗೆಮರದ ಕೊನೆಯ ಸಂಜೆ ನಮ್ಮ ತಮ್ಮನೂ ಬಂದಿದ್ದ. ಈಗ ಅವನು ಮಂಡಿಯಲ್ಲಿ ಅಡಿಕೆ ಮೂಟೆ ಹೊರುತ್ತಾನೆ. ಬೆವರು ಒರೆಸಿಕೊಳ್ಳುತ್ತಾ ನೀರು ಕೇಳಿದ. ಸ್ಟೇಷನ್ನಿನ ಪ್ರಶ್ನೆ ಕೇಳಿದ್ದ ಹುಡುಗಿಯೇ, ಆ ಸಾಲಿನವಳು, ಮನೆಗೆ ಓಡಿ ಚೊಂಬು ತಂದಳು. ನಾವು ಈ ಸಾಲಿನವರು ಅನ್ನೋದು ಅವಳಿಗೆ ಗೊತ್ತು. ಕೊಡಲೋ ಬೇಡವೋ ಅಂತ ಹಿಂಜರಿದು, ರೂಢಿಯಂತೆ ಚೊಂಬನ್ನು ಮೇಲೆತ್ತಿದಳು. ತಮ್ಮ ಬೊಗಸೆ ಒಡ್ಡಲಿಲ್ಲ. ಕೈ ಚಾಚಿ ಚೊಂಬನ್ನೇ ಇಳಿಸಿಕೊಂಡು ಕಚ್ಚಿ ಕುಡಿದ. ಅರ್ಧ ಉಳಿಸಿ ವಾಪಸ್ಸು ಕೊಡುತ್ತಾ 'ಈಗ ನೀ ಕುಡಿಯವ್ವ' ಅಂದ.

ಹುಡುಗಿ ತನ್ನ ಅಜ್ಜಿ ಕೂತಿದ್ದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಚೊಂಬಿಗೆ ಬಾಯಿಟ್ಟಳು.