ಹಳೇಬೀಡಿನ ದಾರಿಯಲ್ಲಿ ಒಂದು ರಾತ್ರಿ

ರಜೆಯಲ್ಲಿ ಕುಟುಂಬ ಸಮೇತ ಪ್ರವಾಸ ಹೊರಟರೆ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ತಾಯಿ. ಸುಬ್‌ಹಿ ಬಾಂಗ್ ಆಗುವ ಮೊದಲೇ ಬಿರಿಯಾನಿಯ ಪಾತ್ರೆ ಒಲೆಯ ಮೇಲಿರುತ್ತದೆ. ಊರು ನೋಡಲು ಹೋದಲ್ಲಿಯೂ ಬಡಿಸುವವಳು ಅವಳೇ, ಪಾತ್ರೆ ತೊಳೆಯುವವಳೂ ಅವಳೇ. ಸಹೋದರಿಯರೇ, ಹಳೇಬೀಡಿಗೆ ಹೋಗುವುದಾದರೆ ಒಂದು ರಾತ್ರಿಯ ಮಟ್ಟಿಗಾದರೂ ಸೌಟನ್ನು ಮನೆಯಲ್ಲೇ ಬಿಟ್ಟು ಹೋಗಿ.

ಬೇಲೂರಿನಿಂದ 16 ಕಿ.ಮೀ. ದೂರದ ಈ ಊರು ಹೊಯ್ಸಳರ ರಾಜಧಾನಿ ದ್ವಾರಸಮುದ್ರವಾಗಿತ್ತು. ಇಲ್ಲಿನ 12ನೇ ಶತಮಾನದ ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1311ರಲ್ಲಿ ಮಲಿಕ್ ಕಾಫೂರನ ಸೇನೆ ದಾಳಿ ಮಾಡಿದ ವಿಷಯ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಆದರೆ ಕೆಲವು ದಶಕಗಳ ಬಳಿಕ ಬಲ್ಲಾಳ ದೊರೆಯ ಸೈನ್ಯದಲ್ಲಿ ಸುಮಾರು 20,000 ಮುಸ್ಲಿಮರಿದ್ದರೆಂದು ಇಬ್ನ್ ಬತೂತಾ ಬರೆದಿರುವುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕೆರೆಯ ದಂಡೆಯಲ್ಲಿ ಕುಳ್ಳಿರಿಸಿ ಎರಡನ್ನೂ ಹೇಳಿ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯೆಂಬುದು ನೆನಪಿರಲಿ.

ಉಳಿಯಲು ಊರಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ. ಇನ್ನಷ್ಟು ಅನುಕೂಲ ಬಯಸುವವರು ಹಾಸನ-ಬೇಲೂರು ರಸ್ತೆಯ ಹೊಯ್ಸಳ ವಿಲೇಜ್ ರೆಸಾರ್ಟಿಗೆ ಹೋಗುತ್ತಾರೆ. ಹಳ್ಳಿ ಮನೆಯ ಮಾದರಿಯ ಕಾಟೇಜುಗಳು, ಸುತ್ತಲೂ ಹಸಿರು. ಖರ್ಚು ಹೆಚ್ಚೇ. ಆದರೆ ವರ್ಷದಲ್ಲಿ ಒಂದು ದಿನ, ಉಣ್ಣುವ ಕುರ್ಚಿಯಿಂದ ಮೂರು ಸಲ ಏಳಬೇಕಾಗಿಲ್ಲದ ತಾಯಿಯ ಮುಖ ನೋಡಿದರೆ ಆ ಖರ್ಚಿನ ಅರ್ಥ ತಿಳಿಯುತ್ತದೆ.

ಇಂತಹ ಕಡೆ ಎರಡು ವಿಷಯ ಗಮನದಲ್ಲಿರಲಿ. ಒಂದು, ಮಾಂಸ ಹಲಾಲ್ ಹೌದೋ ಎಂದು ಕೋಣೆ ಗೊತ್ತುಪಡಿಸುವಾಗಲೇ ಸಂಕೋಚವಿಲ್ಲದೆ ಕೇಳಿ. ಖಚಿತವಾಗದಿದ್ದರೆ ಬೇಸರ ಬೇಡ. ಅಕ್ಕಿರೊಟ್ಟಿ, ಅವರೆಕಾಳಿನ ಸಾರು, ರಾಗಿಮುದ್ದೆ ಈ ಸೀಮೆಯ ಸೊತ್ತು. ಅವು ಸಿಕ್ಕಿದರೆ ಬೇರೇನೂ ಬೇಡ. ಜೊತೆಗೆ ಈ ಜಿಲ್ಲೆಯ ತೋಟಗಳ ಕಾಫಿ ಇದ್ದೇ ಇದೆ.

ಎರಡನೆಯದು ಬಫೆ. ಸಾಲಾಗಿ ಇಟ್ಟ ಪಾತ್ರೆಗಳನ್ನು ಕಂಡಾಗ ಕೈ ತಡೆಯುವುದು ಕಷ್ಟ. ಹಣ ಕೊಟ್ಟಿದ್ದೇವೆಂದು ತಟ್ಟೆ ತುಂಬಿಸಿ ಅರ್ಧ ಬಿಟ್ಟು ಏಳುವವರನ್ನು ನೀವೂ ಕಂಡಿರುತ್ತೀರಿ. ಹಣ ನಮ್ಮದಿರಬಹುದು, ಅನ್ನ ಅಲ್ಲಾಹನ ಅನುಗ್ರಹ. ದುಂದುಗಾರಿಕೆಯನ್ನು ನಮ್ಮ ದೀನ್ ಮೆಚ್ಚುವುದಿಲ್ಲ. ಮಕ್ಕಳಿಗೆ ಮೊದಲು ಸ್ವಲ್ಪವೇ ಬಡಿಸಿ, ಬೇಕಾದರೆ ಮತ್ತೆ ಹೋಗಲಿ.

ಹೊರಡುವ ಮುನ್ನ ಅಡುಗೆಯವರಿಗೂ ತಟ್ಟೆ ಎತ್ತಿದವರಿಗೂ ಒಂದು ಒಳ್ಳೆಯ ಮಾತು ಹೇಳಿ. ನಮಗೆ ವಿಶ್ರಾಂತಿ ಸಿಕ್ಕಿದ್ದು ಅವರ ದುಡಿಮೆಯಿಂದ. ಮನೆಗೆ ಮರಳಿದ ಮೇಲೆ ಗಂಡಸರೂ ಮಕ್ಕಳೂ ಇಷ್ಟು ಮಾಡಲಿ: ವಾರಕ್ಕೆ ಒಂದು ಹೊತ್ತಾದರೂ ತಾಯಿಯನ್ನು ಮೊದಲು ಕುಳ್ಳಿರಿಸಿ, ತಾವೇ ಬಡಿಸಲಿ. ಅದಕ್ಕೆ ರೆಸಾರ್ಟೂ ಬೇಡ, ಹಣವೂ ಬೇಡ.