ಬಂಗು ಮತ್ತು ಬಿಸಿಲು

ನನ್ನ ಎರಡನೆಯ ಬಸಿರಿನ ಐದನೆಯ ತಿಂಗಳಲ್ಲಿ ಎರಡೂ ಕೆನ್ನೆಗಳ ಮೇಲೆ ಕಂದು ಬಣ್ಣದ ಕಲೆಗಳು ಹರಡಿದವು. ಪಿತ್ತ ಹೆಚ್ಚಾಗಿದೆಯೆಂದು ಕೆಲವರು, ನಿಂಬೆರಸ ತಿಕ್ಕಬೇಕೆಂದು ಕೆಲವರು ಹೇಳಿದರು. ನಮ್ಮ ಅತ್ತೆಯವರು ಮಾತ್ರ, "ಇದು ಬಂಗು, ಬಸುರಿಯರಿಗೆ ಬರುವಂಥದ್ದೇ, ಹೆದರಬೇಡವ್ವ" ಎಂದು ಧೈರ್ಯ ತುಂಬಿದರು.

ವೈದ್ಯರು ಇದನ್ನು ಮೆಲಾಸ್ಮ ಎನ್ನುತ್ತಾರೆ. ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಕೆಲವೆಡೆ ಅತಿಯಾಗಿ ಉತ್ಪತ್ತಿಯಾಗುವುದೇ ಇದರ ಮೂಲ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ ಹಾಗೂ ವಂಶಗುಣ ಇದನ್ನು ಪ್ರೇರಿಸುತ್ತವೆ. ಇದು ಅಂಟುರೋಗವಲ್ಲ, ಪ್ರಾಣಾಪಾಯವೂ ಇಲ್ಲ. ಪುರುಷರಿಗೂ ಬರುವುದುಂಟು.

ಹೆರಿಗೆಯ ತರುವಾಯ ಹಲವರಲ್ಲಿ ಇದು ತಾನಾಗಿಯೇ ತಿಳಿಯಾಗುತ್ತದೆ, ನನಗೆ ಹಾಗಾಗಲಿಲ್ಲ. ಮಗು ಹಾಲು ಬಿಟ್ಟ ಮೇಲೆ ಚರ್ಮವೈದ್ಯರನ್ನು ಕಂಡೆ. ಅವರು ಮೊದಲು ಬರೆದುಕೊಟ್ಟದ್ದು ಬಿಸಿಲು ತಡೆಯುವ ಲೇಪವನ್ನು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ದಿನವೂ ಹಚ್ಚಬೇಕು. ಹೊರಗಿರುವಾಗ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುವುದರಿಂದ ಐರನ್ ಆಕ್ಸೈಡ್ ಬೆರೆತ ಬಣ್ಣದ ಲೇಪ ಉತ್ತಮವೆಂದರು. ಕೊಡೆ, ತಲೆಯ ಮೇಲೆ ಸೆರಗು ಇದ್ದೇ ಇರಬೇಕು. ಬಳಿಕ ಹೈಡ್ರೋಕ್ವಿನೋನ್ ಲೇಪವನ್ನು ರಾತ್ರಿ ಮಾತ್ರ, ಮೂರು ತಿಂಗಳ ಮಿತಿಯಲ್ಲಿ, ತಮ್ಮ ಕಣ್ಗಾವಲಿನಲ್ಲಿಯೇ ಕೊಟ್ಟರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್‌ಗಳನ್ನು ಬಸುರಿಯರು ಹಚ್ಚಲಾಗದು. ನಿಂಬೆರಸದಿಂದ ಚರ್ಮ ಉರಿದು ಕಲೆ ಇನ್ನಷ್ಟು ಕಪ್ಪಾಗಬಹುದು.

ನನ್ನ ನೆಗೆಣ್ಣಿಯ ಮಗಳಿಗೂ ಬಂಗು ಬಂದಿತ್ತು. ಮದುವೆಯ ಮಾತುಕತೆ ನಡೆದಿದ್ದ ಕಾಲ. ಔಷಧಿ ಅಂಗಡಿಯೊಂದರಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಕೊಟ್ಟ ಕ್ರೀಮಿನಿಂದ ಮುಖ ಬೇಗನೆ ಬೆಳ್ಳಗಾಯಿತು, ಮನೆಯವರೆಲ್ಲ ಸಂತೋಷಪಟ್ಟರು. ಕೆಲವು ತಿಂಗಳ ನಂತರ ಹಚ್ಚುವುದನ್ನು ನಿಲ್ಲಿಸಿದೊಡನೆ ಮುಖವೆಲ್ಲ ಕೆಂಪಾಗಿ ಉರಿಯತೊಡಗಿತು, ಮೊಡವೆಗಳೆದ್ದವು. ಅದರಲ್ಲಿದ್ದುದು ಪ್ರಬಲವಾದ ಸ್ಟೀರಾಯ್ಡ್. ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರವು 2018ರಲ್ಲಿ ನಿರ್ಬಂಧಿಸಿದ್ದರೂ ಕೊಳ್ಳುವವರಿಗೆ ಇದು ತಿಳಿದಿರುವುದಿಲ್ಲ. ಆ ಹುಡುಗಿಯ ಚರ್ಮ ಸುಧಾರಿಸಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ನನ್ನ ಬಂಗು ಈಗ ಬಹುಮಟ್ಟಿಗೆ ತಿಳಿಯಾಗಿದೆ. ಬೇಸಿಗೆಯಲ್ಲಿ ಸ್ವಲ್ಪ ಮರಳುತ್ತದೆ. ಮರಳುವುದು ಇದರ ಸ್ವಭಾವ. ಆದುದರಿಂದ ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ: ಹೆಣ್ಣುಮಕ್ಕಳ ಮುಖದ ಕಲೆಯನ್ನು ನಾಲ್ಕು ಜನರೆದುರು ಎತ್ತಿ ಆಡದಿರಿ. ಆ ಸಂಕೋಚವೇ ಅವರನ್ನು ಇಂತಹ ಕ್ರೀಮುಗಳ ಕಡೆಗೆ ತಳ್ಳುತ್ತದೆ. ಅವರ ಕೈಗೊಂದು ಕೊಡೆ ಕೊಡಿ, ಚರ್ಮವೈದ್ಯರಲ್ಲಿಗೆ ಜೊತೆಯಾಗಿ ಹೋಗಿ.