ಹೊಸ ಮೀನುಗಳು ಸತ್ತುದೇಕೆ?

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯವರು ಏನಾದರೊಂದು ಬರೆಯಲೇಬೇಕೆಂಬುದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಆಟದ ಬಹುಮಾನ, ಕಟ್ಟಡದ ದುರಸ್ತಿ, ಇವುಗಳ ವರದಿಯು ಬೇರೆ ಪುಟಗಳಲ್ಲಿರುವುದರಿಂದ, ಈ ಬಾರಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಅಪ್ಪಣೆ ಬೇಡುತ್ತೇವೆ. ಅದು ಮೀನುಗಳ ವಿಷಯ. ಆದರೆ ಅದರಲ್ಲಿ ನಾವು ಮಾಡಿದ ತಪ್ಪು ಮೀನುಗಳೊಂದಿಗೇ ಮುಗಿಯುವಂಥದಲ್ಲ.

ನಮ್ಮ ತಂದೆಯವರು ಮಂಗಳೂರಿನ ಕಡೆಯವರು. ಆಯುಷ್ಯವನ್ನೆಲ್ಲ ಕಡಲಿನ ಸದ್ದಿನಲ್ಲಿ ಕಳೆದವರು. ವೃದ್ಧಾಪ್ಯದಲ್ಲಿ ಜಯನಗರದ ನಮ್ಮ ಮನೆಗೆ ಬಂದ ಮೇಲೆ ಅವರ ಮಾತು ದಿನೇ ದಿನೇ ಕಡಿಮೆಯಾಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಅವರಿಗೆ ಸಮುದ್ರವನ್ನು ಎಲ್ಲಿಂದ ತಂದುಕೊಡುವುದು? ಅಣ್ಣನ ಮಗಳ ಸಲಹೆಯಂತೆ 200 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ನಡುಮನೆಯಲ್ಲಿ ಇರಿಸಿದೆವು. ಅದಕ್ಕಾಗಿಯೇ ಮಾರುವ ಸಮುದ್ರದ ಉಪ್ಪನ್ನು ಲೀಟರಿಗೆ 35 ಗ್ರಾಮಿನಂತೆ, ಅಂದರೆ ಒಟ್ಟು 7 ಕಿಲೋಗ್ರಾಂ, ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿದೆವು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಏರಿಬರುವ ಕಾವೇರಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ನಲ್ಲಿಯ ನೀರನ್ನು ನೇರವಾಗಿ ಹಾಕಲಿಲ್ಲ.

ತೊಟ್ಟಿ ಸಿದ್ಧವಾದೊಡನೆ ಮೀನು ಬಿಡುವವರ ಮೀನುಗಳು ಸಾಯುವುವೆಂದು ಓದಿದ್ದೆವು. ಮೀನಿನ ಮಲಮೂತ್ರಗಳಿಂದ ಅಮೋನಿಯ ಹುಟ್ಟುವುದು, ಅದು ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಕೇಡಿಲ್ಲದ ನೈಟ್ರೇಟ್ ಆಗಿ ಮಾಡುವುವು. ಈ ಸೂಕ್ಷ್ಮಾಣುಗಳನ್ನು ರಷ್ಯದ ವಿನೊಗ್ರಾಡ್ಸ್ಕಿ ಎಂಬ ಪಂಡಿತರು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಅವು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಲು ವಾರಗಳೇ ಬೇಕು. ಆದುದರಿಂದ ತೊಟ್ಟಿಗೆ ಮುಚ್ಚಳವಿಟ್ಟು ಆರು ವಾರ ಕಾದು, ಅಮೋನಿಯವೂ ನೈಟ್ರೈಟೂ ಸೊನ್ನೆಗಿಳಿದ ಮೇಲೆ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳನ್ನು ತಂದು ಬಿಟ್ಟೆವು. ಅವು ಚೆನ್ನಾಗಿ ಬೆಳೆದವು. ತಂದೆಯವರು ಬೆಳಗಿನ ಕಾಫಿಯನ್ನು ತೊಟ್ಟಿಯ ಮುಂದೆಯೇ ಕುಡಿಯತೊಡಗಿದರು. ತಮ್ಮ ಬಾಲ್ಯದ ದೋಣಿಗಳ ಕಥೆ ಹೇಳತೊಡಗಿದರು.

ಎರಡು ತಿಂಗಳ ಮೇಲೆ ಜೊತೆಗಿರಲೆಂದು ಒಂದು ನೀಲಿ ಡ್ಯಾಮ್ಸೆಲ್ ಮೀನನ್ನು ತಂದೆವು. ಬಲು ಗಟ್ಟಿ ಜೀವವೆಂದು ಹೆಸರಾದುದು ಎರಡನೆಯ ದಿನವೇ ಸತ್ತಿತು. ಅನಂತರ ತಂದ ಗೋಬಿ ಮೀನು ಒಂದೇ ರಾತ್ರಿಯಲ್ಲಿ ಹೋಯಿತು. ಮತ್ತೆ ಎರಡು ತಂದೆವು, ಅವೂ ಉಳಿಯಲಿಲ್ಲ. ಹಳೆಯ ಜೋಡಿಯಾದರೋ ಏನೂ ಆಗದಂತೆ ಈಜಾಡುತ್ತಲಿತ್ತು. ನಾಲ್ಕನೆಯದನ್ನು ಎತ್ತಿಹಾಕುವಾಗ ತಂದೆಯವರು, "ಸಾಯ್ಲಿಕ್ಕೆ ತರುದು ಬೇಡ ಮಗಳೇ" ಎಂದಷ್ಟೇ ಹೇಳಿ ಕೋಣೆಗೆ ಹೋದರು. ಮಾರನೆಯ ದಿನ ಕಾಫಿಗೆ ತೊಟ್ಟಿಯ ಬಳಿ ಬರಲಿಲ್ಲ.

ನಾವು ವಿಚಾರಣೆಗೆ ತೊಡಗಿದೆವು. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ಶಾಖ 26 ಡಿಗ್ರಿ. ಉಪ್ಪನ್ನಳೆಯುವ ಮುಳ್ಳಿನ ಮಾಪಕವು ಎಂದಿನಂತೆ 1.025 ತೋರಿಸಿತು. ಹಳೆಯ ಮೀನುಗಳೂ ಸುಖವಾಗಿವೆ. ಆದುದರಿಂದ ನೀರಿನಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿದೆವು. ದೋಷವು ಬಂದವರದೇ ಆಗಿರಬೇಕು. ಅಂಗಡಿಯವನು ರೋಗದ ಮೀನು ಕೊಟ್ಟಿರಬೇಕು. ಅದಕ್ಕಿಂತಲೂ ಕೆಟ್ಟುದೆಂದರೆ, ದಿನವೂ ತೊಟ್ಟಿಗೆ ನೀರು ತುಂಬುತ್ತಿದ್ದ ನಮ್ಮ ಅಡುಗೆಯಾಕೆಯು ಸಾಬೂನಿನ ಕೈಯನ್ನು ಅದ್ದಿರಬಹುದೆಂದು ಸಂಶಯಪಟ್ಟು, ಆಕೆಯನ್ನು ನಾಲ್ಕು ಜನರ ಮುಂದೆ ಗದರಿಸಿದೆವು. ಆಕೆ ಎದುರಾಡಲಿಲ್ಲ.

ಸತ್ಯವು ಹೊರಬಿದ್ದುದು ಶಾಲೆಯ ಪ್ರಯೋಗಶಾಲೆಯಲ್ಲಿ. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು (ಇವರೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿನಿ) ಸಂಗತಿಯನ್ನು ಕೇಳಿ, "ಮುಳ್ಳನ್ನು ನಂಬುವುದು ಬೇಡ, ತೂಗಿಯೇ ನೋಡೋಣ" ಎಂದರು. ತೊಟ್ಟಿಯ ನೀರನ್ನೂ ಅಂಗಡಿಯಿಂದ ಮೀನು ಬಂದ ಚೀಲದ ನೀರನ್ನೂ ತರಿಸಿ, ತಲಾ 100 ಮಿಲಿಲೀಟರ್ ಕುದಿಸಿ ಆವಿಮಾಡಿ, ಉಳಿದ ಉಪ್ಪನ್ನು ಒಂಬತ್ತನೆಯ ತರಗತಿಯ ಹುಡುಗಿಯರಿಂದ ತೂಗಿಸಿದರು. ಚೀಲದ ನೀರಿನ ಉಪ್ಪು ಸುಮಾರು ಎರಡೂವರೆ ಗ್ರಾಂ. ನಮ್ಮ ತೊಟ್ಟಿಯದು ನಾಲ್ಕು ಗ್ರಾಮಿಗೂ ಮಿಗಿಲು. ಮಾಪಕವನ್ನು ಬಿಚ್ಚಿ ನೋಡಲಾಗಿ, ಮುಳ್ಳಿನ ಬುಡದಲ್ಲಿ ಉಪ್ಪು ಹೆಪ್ಪುಗಟ್ಟಿ ಅದು ಅಲುಗದಂತಾಗಿತ್ತು. ಯಾವ ನೀರಿಗಾದರೂ ಅದು ಒಂದೇ ಉತ್ತರ ಕೊಡುತ್ತಿತ್ತು.

ಉಪ್ಪು ಏರಿದುದು ಹೇಗೆ? ಮುಚ್ಚಳ ತೆಗೆದು ದೀಪ ಹಚ್ಚಿದಂದಿನಿಂದ ದಿನಕ್ಕೆ ಸುಮಾರು 400 ಮಿಲಿಲೀಟರ್ ನೀರು ಆವಿಯಾಗುತ್ತಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದು. ನಾವಾದರೋ ಸಮುದ್ರದ ಮೀನಿಗೆ ಸಮುದ್ರದ ನೀರೇ ಬೇಕೆಂದು, ಕಡಿಮೆಯಾದಷ್ಟಕ್ಕೂ ಉಪ್ಪುನೀರನ್ನೇ ತುಂಬಿಸುತ್ತಿದ್ದೆವು. ನೂರು ದಿನಕ್ಕೆ 40 ಲೀಟರ್. ಅದರಲ್ಲಿ 1,400 ಗ್ರಾಂ ಉಪ್ಪು. 200 ಲೀಟರಿಗೆ ಹಂಚಿದರೆ ಲೀಟರಿಗೆ 7 ಗ್ರಾಂ. 35 ಇದ್ದುದು 42 ಆಗಿತ್ತು. ಮಕ್ಕಳಿಗೆ ಪ್ರತಿ ವರ್ಷವೂ ಆವೀಕರಣದ ಪಾಠ ಹೇಳಿಸುವ ನಮಗೆ ಈ ಲೆಕ್ಕ ತೋಚಿರಲಿಲ್ಲ.

ಹಳೆಯ ಮೀನುಗಳು ದಿನಕ್ಕಿಷ್ಟಿಷ್ಟು ಏರಿದ ಉಪ್ಪಿಗೆ ಹೊಂದಿಕೊಂಡವು. ಕೆಂಪು ಸಮುದ್ರದ ಉತ್ತರಭಾಗದಲ್ಲಿ ಲೀಟರಿಗೆ ಸುಮಾರು 40 ಗ್ರಾಂ ಉಪ್ಪಿದ್ದರೂ ಮೀನುಗಳು ಬಾಳುವುವಷ್ಟೆ. ಆದರೆ ಅಂಗಡಿಗಳಲ್ಲಿ ಪರೋಪಜೀವಿಗಳ ಕಾಟ ತಗ್ಗಲೆಂದು ಉಪ್ಪನ್ನು ಕಡಿಮೆ ಮಾಡಿ ಇಟ್ಟಿರುವುದುಂಟು. ಸಮುದ್ರದ ಮೀನಿನ ದೇಹದ್ರವದಲ್ಲಿರುವ ಉಪ್ಪು ಸಮುದ್ರದ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆದುದರಿಂದ ಅದರ ಮೈಯ ನೀರು ಕಿವಿರುಗಳ ಮೂಲಕ ಸದಾ ಹೊರಗೆ ಸೋರುತ್ತಿರುವುದು. ಅದು ನೀರನ್ನು ಕುಡಿದು, ಹೆಚ್ಚಿದ ಉಪ್ಪನ್ನು ಕಿವಿರಿನಿಂದಲೇ ಹೊರಹಾಕಿ ಬದುಕಬೇಕು. 25ರಿಂದ 42ಕ್ಕೆ ಒಮ್ಮೆಲೇ ಬಿದ್ದ ಮೀನಿಗೆ ಇದು ಸಾಧ್ಯವಾಗಲಿಲ್ಲ. ನಾವು ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಸಿದ್ದೆವು ನಿಜ. ಅದರಿಂದ ಶಾಖ ಸಮನಾಯಿತೇ ಹೊರತು ಉಪ್ಪು ಸಮನಾಗಲಿಲ್ಲ. ಆ ನಾಲ್ಕು ಮೀನುಗಳು ನೀರಿನಲ್ಲಿದ್ದುಕೊಂಡೇ ನೀರಡಸಿ ಸತ್ತವು.

ಮನೆಗೆ ಬಂದು ಅಡುಗೆಯಾಕೆಗೆ ಇದನ್ನೆಲ್ಲ ವಿವರಿಸಿ, ಕ್ಷಮಿಸಬೇಕೆಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಆಗ್ಲೇ ಕೇಳಿದ್ನಲ್ಲಮ್ಮಾ, ಸಾರು ಕುದ್ದು ಬತ್ತಿದ್ರೆ ನೀರು ಹಾಕ್ತೀವಿ, ಉಪ್ಪು ಹಾಕ್ತೀವಾ ಅಂತ" ಎಂದಳು. ಹೌದು, ಕೇಳಿದ್ದಳು. ಅಂದು ನಾವು ನಕ್ಕು, ಹೇಳಿದಷ್ಟು ಮಾಡೆಂದಿದ್ದೆವು. 1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆಯು ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು, ವರ್ಷಗಟ್ಟಲೆ ಮನೆಯಲ್ಲಿ ಬದುಕಿಸಿದಳೆಂದು ನಾವು ಹುಡುಗಿಯರಿಗೆ ಅಭಿಮಾನದಿಂದ ಹೇಳುವುದುಂಟು. ನೀರಿಗೆ ಗಾಳಿ ಸೇರಲೆಂದು ತೆರೆದ ಕಿಟಕಿಯ ಮುಂದೆ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದವಳು ಮನೆಯ ಸೇವಕಿ. ಕಥೆಯ ಈ ಭಾಗವನ್ನು ನಾವು ಇದುವರೆಗೆ ಬಿಟ್ಟು ಹೇಳುತ್ತಿದ್ದೆವು.

ಎರಡು ವಾರಗಳ ಕಾಲ ಸಿಹಿನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಉಪ್ಪನ್ನು 35ಕ್ಕೆ ಇಳಿಸಿದೆವು. ಈಗ ಹೊಸ ಮೀನು ಬಂದರೆ ಮೊದಲು ಬೇರೊಂದು ಚಿಕ್ಕ ತೊಟ್ಟಿಯಲ್ಲಿ, ಅದು ಬಂದ ನೀರಿನ ಉಪ್ಪಿನಲ್ಲಿಯೇ ಇರಿಸಿ, ನಾಲ್ಕು ವಾರ ರೋಗವಿಲ್ಲವೆಂದು ನೋಡಿಕೊಂಡು, ಉಪ್ಪನ್ನು ದಿನಕ್ಕೆ ಒಂದು ಗ್ರಾಮಿನಂತೆ ಏರಿಸಿ, ಆಮೇಲೆ ಒಳಗೆ ಬಿಡುತ್ತೇವೆ.

ಇಷ್ಟಾದ ಮೇಲೆ ಒಂದು ಸಂಜೆ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ಕುಳಿತೆವು. ನಡುವೆ ಬಂದು ಸೇರಿದ ಹುಡುಗಿಯರಲ್ಲಿ, ಅದರಲ್ಲಿಯೂ ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರಲ್ಲಿ, ವರ್ಷ ತುಂಬುವ ಮೊದಲೇ ಬಿಟ್ಟುಹೋದವರ ಹೆಸರುಗಳು ಅಲ್ಲಿದ್ದವು. ಒಬ್ಬಳ ತಂದೆಯವರು ಬಂದು ನಮ್ಮ ಮೇಜಿನ ಮುಂದೆ ನಿಂತಾಗ, "ಉಳಿದ ಮಕ್ಕಳೆಲ್ಲ ಓದುತ್ತಿದ್ದಾರಲ್ಲ, ನಿಮ್ಮ ಮಗಳಿಗೆ ಮಾತ್ರ ಏಕೆ ಕಷ್ಟ?" ಎಂದು ನಾವೇ ಕೇಳಿದುದು ನೆನಪಾಯಿತು. ಒಂದು ವರ್ಷ ವಾರದ ಪರೀಕ್ಷೆ, ಇನ್ನೊಂದು ವರ್ಷ ಮನೆಪಾಠ, ಮತ್ತೊಂದು ವರ್ಷ ಇಂಗ್ಲಿಷಿನಲ್ಲಿಯೇ ಮಾತನಾಡುವ ನಿಯಮ, ಹೀಗೆ ಒಳ್ಳೆಯ ಉದ್ದೇಶದಿಂದಲೇ ನಾವು ಉಪ್ಪು ಸೇರಿಸುತ್ತ ಬಂದಿದ್ದೆವು. ಒಳಗಿದ್ದವರಿಗೆ ಅದು ತಿಳಿಯಲಿಲ್ಲ. ಹಳಬರು ಬಾಳುತ್ತಿರುವುದು ನೀರು ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ.

ಈ ವರ್ಷದಿಂದ ಹೊಸದಾಗಿ ಬರುವ ಹುಡುಗಿಗೆ ಮೊದಲ ತಿಂಗಳು ಅಂಕಗಳಿಲ್ಲ. ಅವಳ ಪಕ್ಕದಲ್ಲಿ ಅವಳ ಮಾತು ಬಲ್ಲ ಹಿರಿಯ ಹುಡುಗಿಯೊಬ್ಬಳು ಕುಳಿತುಕೊಳ್ಳುವಳು. ಆ ತಂದೆಯವರಿಗೆ ಪತ್ರ ಬರೆದೆವು, ಉತ್ತರ ಬಂದಿಲ್ಲ. ಅವರ ಮಗಳ ಸ್ಥಾನವನ್ನು ತೆರವಾಗಿಯೇ ಇರಿಸಿದ್ದೇವೆ. ಈ ಸಂಚಿಕೆಯು ಹೇಗಾದರೂ ಅವರ ಕೈ ಸೇರಿದರೆ, ಇದನ್ನೇ ನಮ್ಮ ಎರಡನೆಯ ಪತ್ರವೆಂದು ಭಾವಿಸಬೇಕಾಗಿ ಬೇಡುತ್ತೇವೆ.

ಹೊಸ ನೀಲಿ ಮೀನು ಬಂದು ಎಂಟು ತಿಂಗಳಾಯಿತು. ತಂದೆಯವರು ಮತ್ತೆ ತೊಟ್ಟಿಯ ಮುಂದೆ ಕಾಫಿ ಕುಡಿಯುತ್ತಾರೆ. ದಿನವೂ ಸಿಹಿನೀರು ತುಂಬುವ ಕೆಲಸ ನಮ್ಮ ಅಡುಗೆಯಾಕೆಯದೇ; ಎಷ್ಟೆಂಬುದನ್ನು ಈಗ ಆಕೆಯೇ ನಿರ್ಧರಿಸುತ್ತಾಳೆ.